ವಸಂತಕಾಲದ ಹಿಮಕುಸಿತ: ಹೆಸರು, ಕಾರಣ ಮತ್ತು ಎಚ್ಚರ

೧. ವಿಷಯಪ್ರವೇಶ

ಬಬಲೇಶ್ವರ, ತಿಕೋಟಾ, ವಿಜಯಪುರಗಳ ಸುತ್ತಲಿನ ಬಯಲುಸೀಮೆಯ ಜನರು ಆಕಾಶದಿಂದ ಬೀಳುವ ಹೆಪ್ಪುಗಟ್ಟಿದ ನೀರನ್ನು ಕಂಡಿರುವುದು ಆಲಿಕಲ್ಲಿನ ರೂಪದಲ್ಲಿ ಮಾತ್ರ. ಚೈತ್ರ ವೈಶಾಖಗಳ ಅಕಾಲದ ಗಾಳಿಮಳೆಯೊಡನೆ ಅದು ಬಿದ್ದು, ದ್ರಾಕ್ಷಿಯ ತೋಟಗಳನ್ನು ಕೆಡಿಸಿ, ಅರ್ಧ ಗಳಿಗೆಯಲ್ಲಿ ಕರಗಿ ಮಣ್ಣು ಸೇರುತ್ತದೆ. ನೆಲದ ಮೇಲೆ ತಿಂಗಳುಗಟ್ಟಲೆ ನಿಂತು, ಪದರದ ಮೇಲೆ ಪದರವಾಗಿ ಬೆಳೆದು, ಬೇಸಿಗೆಯ ಹೊಸ್ತಿಲಲ್ಲಿ ಒಮ್ಮೆಲೇ ಜಾರಿ ಬೀಳುವ ಹಿಮದ ಅನುಭವ ಈ ನೆಲದವರಿಗೆ ಇಲ್ಲ.

ಆದರೂ ಆ ಹಿಮದೊಡನೆ ಕನ್ನಡಿಗರ ಸಂಬಂಧ ಹಳೆಯದು. ಇಂದಂತೂ ಅದು ಪ್ರಾಣಸಂಬಂಧವೇ ಆಗಿದೆ. ನಮ್ಮ ಹಳ್ಳಿಗಳ ತರುಣರು ಸೈನಿಕರಾಗಿ ಕಾರಾಕೋರಂ ಶ್ರೇಣಿಯ ಕಾವಲು ಠಾಣೆಗಳಲ್ಲಿ ನಿಲ್ಲುತ್ತಾರೆ. ಕೇದಾರನಾಥದ ರಾವಲರೂ ಅಲ್ಲಿಯ ಅರ್ಚಕರೂ ಪರಂಪರೆಯಿಂದ ಕರ್ನಾಟಕದ ವೀರಶೈವ ಜಂಗಮ ಮನೆತನಗಳಿಂದ ಬಂದವರು. ಪ್ರತಿವರ್ಷ ವೈಶಾಖದಲ್ಲಿ ಸಾವಿರಾರು ಕನ್ನಡಿಗರು ಆ ದಾರಿ ಹಿಡಿಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಪರ್ವತಚಾರಣಕ್ಕೆ ಹೋಗುವ ತರುಣ ತರುಣಿಯರ ಸಂಖ್ಯೆಯೂ ಹೆಚ್ಚಿದೆ. ಇವರೆಲ್ಲರೂ ಹಿಮವನ್ನು ಹುಟ್ಟಿನಿಂದ ಬಲ್ಲವರಲ್ಲ, ಕಲಿತು ತಿಳಿಯಬೇಕಾದವರು.

ವಸಂತಕಾಲದ ಪರ್ವತಗಳಲ್ಲಿ ಹಿಮವು ಏಕೆ ಮತ್ತು ಯಾವಾಗ ಕುಸಿಯುತ್ತದೆ ಎಂಬುದನ್ನು ಸಾಮಾನ್ಯ ಓದುಗರಿಗೆ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಲೇಖಕನು ಇತಿಹಾಸದ ಅಧ್ಯಾಪಕನೇ ಹೊರತು ವಿಜ್ಞಾನಿಯಲ್ಲ. ಆದರೆ ಒಂದು ಸಂಗತಿ ಇತಿಹಾಸದ ವಿದ್ಯಾರ್ಥಿಯ ಮನಸ್ಸನ್ನು ಸೆಳೆಯುತ್ತದೆ: ಹಿಮಕುಸಿತವೆಂಬುದು ಆ ಕ್ಷಣದ ಘಟನೆಯಂತೆ ತೋರಿದರೂ, ಅದರ ಕಾರಣಗಳು ಹಿಂದಿನ ನಾಲ್ಕಾರು ತಿಂಗಳ ಹವೆಯಲ್ಲಿ ದಾಖಲಾಗಿರುತ್ತವೆ. ಆ ದಾಖಲೆಯನ್ನು ಓದಬಲ್ಲವನಿಗೆ ಅಪಾಯವು ಬಹುಮಟ್ಟಿಗೆ ಮೊದಲೇ ಕಾಣುತ್ತದೆ.

೨. ಒಂದು ಹೆಸರು, ಹಲವು ಸಂಗತಿಗಳು

ಮೊದಲು ಶಬ್ದದ ವಿಚಾರ. ಕನ್ನಡದ ಪತ್ರಿಕೆಗಳಲ್ಲಿಯೂ ಮಾತಿನಲ್ಲಿಯೂ ‘ಹಿಮಪಾತ’ ಎಂಬ ಒಂದೇ ಪದವನ್ನು ಬೇರೆ ಬೇರೆ ಸಂಗತಿಗಳಿಗೆ ಬಳಸುವ ರೂಢಿ ಬಿದ್ದಿದೆ. ‘ಪಾತ’ವೆಂದರೆ ಬೀಳುವಿಕೆ. ಉಲ್ಕಾಪಾತದಲ್ಲಿ ಉಲ್ಕೆ ಆಕಾಶದಿಂದ ಬೀಳುತ್ತದೆ. ಜಲಪಾತದಲ್ಲಿ ನೀರು ಬೆಟ್ಟದಿಂದ ಬೀಳುತ್ತದೆ. ಹಿಮವಾದರೋ ಎರಡೂ ರೀತಿಯಲ್ಲಿ ಬೀಳುವುದರಿಂದ ಪದವೊಂದೇ ಸಂದಿಗ್ಧಕ್ಕೆ ಎಡೆಗೊಡುತ್ತದೆ. ಮಳೆಗೂ ಪ್ರವಾಹಕ್ಕೂ ಒಂದೇ ಹೆಸರಿದ್ದರೆ ನದಿಯ ದಂಡೆಯ ಊರಿನವರ ಗತಿ ಏನಾದೀತು ಎಂಬುದನ್ನು ಊಹಿಸಿದರೆ ಇದರ ಗಂಭೀರತೆ ತಿಳಿಯುತ್ತದೆ.

ಕನ್ನಡಿಗರಿಗೆ ಸಂಬಂಧಿಸಿದ ಮೂರು ದುರಂತಗಳನ್ನು ಒಟ್ಟಿಗೆ ಇಟ್ಟು ನೋಡೋಣ.

೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್ ಪ್ರದೇಶದ ಸೋನಮ್ ಠಾಣೆಯ ಮೇಲೆ, ಸುಮಾರು ೧೯,೬೦೦ ಅಡಿ ಎತ್ತರದಲ್ಲಿ, ಬೃಹತ್ತಾದ ಹಿಮಗಡ್ಡೆಯ ಗೋಡೆಯೊಂದು ಕುಸಿಯಿತು. ಮದ್ರಾಸ್ ರೆಜಿಮೆಂಟಿನ ೧೯ನೆಯ ತುಕಡಿಯ ಹತ್ತು ಮಂದಿ ಅದರಡಿ ಸಿಕ್ಕರು. ಅವರಲ್ಲಿ ಮೂವರು ಕರ್ನಾಟಕದವರು: ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ, ಹಾಸನ ಜಿಲ್ಲೆಯ ತೇಜೂರಿನ ನಾಗೇಶ್, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಭಾಗದ ಮಹೇಶ್. ಲಾನ್ಸ್ ನಾಯಕ್ ಹನುಮಂತಪ್ಪನವರನ್ನು ಆರನೆಯ ದಿನ, ಫೆಬ್ರವರಿ ೮ರಂದು, ಸುಮಾರು ೨೫ ಅಡಿ ಆಳದಿಂದ ಜೀವಸಹಿತ ಹೊರತೆಗೆದರು. ಫೆಬ್ರವರಿ ೧೧ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

೨೦೨೨ರ ಅಕ್ಟೋಬರ್ ೪ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದ ಇಳಿಜಾರಿನಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡವೊಂದು ಹೊಸ ಹಿಮದ ಕುಸಿತಕ್ಕೆ ಸಿಕ್ಕಿತು. ೨೭ ಶವಗಳು ದೊರೆತವು, ಇಬ್ಬರು ಕಾಣೆಯಾದರು. ಮಡಿದ ಶಿಕ್ಷಣಾರ್ಥಿಗಳಲ್ಲಿ ಕರ್ನಾಟಕದವರೂ ಇದ್ದರು.

೨೦೨೪ರ ಜೂನ್ ಮೊದಲ ವಾರದಲ್ಲಿ ಉತ್ತರಕಾಶಿ ಜಿಲ್ಲೆಯ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ, ಬಹುತೇಕ ಕರ್ನಾಟಕದವರೇ ಇದ್ದ ೨೨ ಜನರ ತಂಡವು ಹಿಂದಿರುಗುವಾಗ ಹಿಮಸಹಿತವಾದ ಬಿರುಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಅಸುನೀಗಿದರು. ಅಲ್ಲಿ ಇಳಿಜಾರಿನಿಂದ ಏನೂ ಜಾರಿ ಬಿದ್ದಿರಲಿಲ್ಲ. ಚಳಿಯೂ ಗಾಳಿಯೂ ದಾರಿ ಕಾಣದಿದ್ದುದೂ ಪ್ರಾಣವನ್ನು ತೆಗೆದವು.

ಮೊದಲನೆಯದು ಹಿಮಗಡ್ಡೆಯ ಕುಸಿತ, ಎರಡನೆಯದು ಹಿಮದ ಪದರದ ಕುಸಿತ, ಮೂರನೆಯದು ಹಿಮಬಿರುಗಾಳಿ. ಮೂರರ ಕಾರಣವೂ ಬೇರೆ, ಮುನ್ಸೂಚನೆಯೂ ಬೇರೆ, ಪಾರಾಗುವ ಉಪಾಯವೂ ಬೇರೆ. ಆದ ಕಾರಣ ಈ ಲೇಖನದಲ್ಲಿ ಆಕಾಶದಿಂದ ಬೀಳುವುದಕ್ಕೆ ‘ಹಿಮಪಾತ’ವೆಂದೂ, ನೆಲದ ಮೇಲೆ ಸೇರಿದ್ದ ಹಿಮವು ಇಳಿಜಾರಿನಲ್ಲಿ ಜಾರಿ ಬರುವುದಕ್ಕೆ ‘ಹಿಮಕುಸಿತ’ವೆಂದೂ ಹೇಳಲಾಗಿದೆ. ವಸಂತದಲ್ಲಿ ಈ ಭೇದವು ಇನ್ನೂ ಮುಖ್ಯ. ಏಕೆಂದರೆ ಹಿಮಪಾತದ ಸುಳಿವೇ ಇಲ್ಲದ, ಆಕಾಶ ತಿಳಿಯಾಗಿರುವ ಮಧ್ಯಾಹ್ನದಲ್ಲಿಯೇ ಆ ಕಾಲದ ಹಿಮಕುಸಿತ ಹೆಚ್ಚಾಗಿ ಸಂಭವಿಸುತ್ತದೆ.

೩. ಹಿಂದಿನವರು ಕಂಡ ಹಿಮ

ಹಿಮದ ಪದರಗಳ ಅಪಾಯವನ್ನು ಪ್ರಾಚೀನರು ಗಮನಿಸದೆ ಇರಲಿಲ್ಲ. ಕ್ರಿ. ಪೂ. ೨೧೮ರಲ್ಲಿ ಕಾರ್ಥೇಜಿನ ಹ್ಯಾನಿಬಲನು ಆಲ್ಪ್ಸ್ ಪರ್ವತವನ್ನು ದಾಟಿದ ವೃತ್ತಾಂತವನ್ನು ಗ್ರೀಕ್ ಇತಿಹಾಸಕಾರ ಪಾಲಿಬಿಯಸನು ಬರೆದಿದ್ದಾನೆ. ಹಿಂದಿನ ಚಳಿಗಾಲದಿಂದ ಉಳಿದಿದ್ದ ಗಟ್ಟಿಯಾದ ಹಿಮದ ಮೇಲೆ ಆ ವರ್ಷದ ಹೊಸ ಹಿಮ ಬಿದ್ದಿತ್ತೆಂದೂ, ಮೇಲಿನ ಮೆತ್ತನೆಯ ಪದರದಲ್ಲಿ ಕಾಲು ಹೂತು ಕೆಳಗಿನ ಗಟ್ಟಿ ಪದರಕ್ಕೆ ತಾಗಿದೊಡನೆ ಸೈನಿಕರು ಎರಡೂ ಕಾಲು ಜಾರಿ ಬೀಳುತ್ತಿದ್ದರೆಂದೂ ಅವನು ವಿವರಿಸುತ್ತಾನೆ. ಹಳೆಯ ಪದರಕ್ಕೂ ಹೊಸ ಪದರಕ್ಕೂ ಬೆಸುಗೆ ಇಲ್ಲದಿರುವುದೇ ಕುಸಿತದ ಮೂಲವೆಂಬ ಇಂದಿನ ತಿಳಿವಳಿಕೆಗೆ ಇದು ಬಹು ಸಮೀಪವಾದ ವರ್ಣನೆ.

ನಮ್ಮ ನಾಡಿಗೆ ಹತ್ತಿರದ ಸಾಕ್ಷಿ ಚೀನಾ ದೇಶದ ಯಾತ್ರಿಕ ಹ್ಯೂಯೆನ್‌ತ್ಸಾಂಗನದು. ಬಾದಾಮಿ ಚಾಲುಕ್ಯ ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಕಂಡು ವರ್ಣಿಸಿದವನೆಂದು ಅವನು ಕರ್ನಾಟಕದ ಇತಿಹಾಸದಲ್ಲಿ ಪ್ರಸಿದ್ಧನು. ಅದಕ್ಕೆ ಹತ್ತು ವರ್ಷಗಳಷ್ಟು ಹಿಂದೆ, ಕ್ರಿ. ಶ. ೬೩೦ರ ಸುಮಾರಿಗೆ, ಅವನು ಮಧ್ಯ ಏಷ್ಯದ ತಿಯಾನ್ ಶಾನ್ ಶ್ರೇಣಿಯ ಹಿಮಮಾರ್ಗವೊಂದನ್ನು ದಾಟಿದ್ದನು. ವಸಂತ ಗ್ರೀಷ್ಮಗಳಲ್ಲಿಯೂ ಕರಗದ ಹಿಮ ಅಲ್ಲಿ ರಾಶಿಬಿದ್ದಿತ್ತೆಂದು ಅವನ ಬರಹ ಹೇಳುತ್ತದೆ. ಜೊತೆಯವರಲ್ಲಿ ಹತ್ತಕ್ಕೆ ಮೂರು ನಾಲ್ಕು ಮಂದಿ ಆ ದಾರಿಯಲ್ಲಿ ಸತ್ತರೆಂದು ಅವನ ಜೀವನಚರಿತ್ರೆ ತಿಳಿಸುತ್ತದೆ. ಆ ಮಾರ್ಗದಲ್ಲಿ ಹೋಗುವವರು ಕೆಂಪು ಬಟ್ಟೆ ಉಡಬಾರದು, ಸದ್ದುಮಾಡುವ ಸೋರೆಬುರುಡೆ ಒಯ್ಯಬಾರದು, ಕೂಗಬಾರದು ಎಂಬ ಎಚ್ಚರಿಕೆಯನ್ನೂ ಅವನು ದಾಖಲಿಸಿದ್ದಾನೆ.

ಕೂಗಿದರೆ ಹಿಮ ಬೀಳುತ್ತದೆಂಬ ನಂಬಿಕೆ ಯುರೋಪಿನ ಪರ್ವತಗಳಲ್ಲಿಯೂ ಬಹುಕಾಲ ಇದ್ದಿತು. ಮನುಷ್ಯಧ್ವನಿಯ ಒತ್ತಡ ಬಹಳ ಅಲ್ಪವಾದುದರಿಂದ ಅದು ಹಿಮದ ಪದರವನ್ನು ಮುರಿಯಲಾರದೆಂದು ಇಂದಿನ ಪರೀಕ್ಷೆಗಳಿಂದ ಸ್ಥಿರಪಟ್ಟಿದೆ. ಪದರವನ್ನು ಮುರಿಯುವುದು ಸಾಮಾನ್ಯವಾಗಿ ಮನುಷ್ಯನ ದೇಹದ ಭಾರ. ಆದರೂ ಆ ಹಳೆಯ ನಿಷೇಧವನ್ನು ನಿರರ್ಥಕವೆಂದು ತಳ್ಳಿಹಾಕುವಂತಿಲ್ಲ. ಕೆಲವು ಇಳಿಜಾರುಗಳು ಮನುಷ್ಯನ ನಡತೆಯಿಂದಲೇ ಕುಸಿಯುತ್ತವೆಂಬ ಅನುಭವ ಅದರಲ್ಲಿ ಅಡಗಿದೆ.

ಕಾಶ್ಮೀರದ ಸಾಹಿತ್ಯವು ಮತ್ತೊಂದು ಬಗೆಯ ಸಾಕ್ಷ್ಯವನ್ನು ಕೊಡುತ್ತದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದು ‘ವಿಕ್ರಮಾಂಕದೇವಚರಿತ’ವನ್ನು ಬರೆದ ಬಿಲ್ಹಣನು ಆ ನಾಡಿನವನೇ. ಅಲ್ಲಿಯ ‘ನೀಲಮತಪುರಾಣ’ದ ಐತಿಹ್ಯದಂತೆ ವರ್ಷದ ಆರು ತಿಂಗಳು ಕಣಿವೆಯು ಪಿಶಾಚರಿಗೆ ಸೇರಿದ್ದು, ಮನುಷ್ಯರು ಚೈತ್ರದಲ್ಲಿ ಒಳಬಂದು ಚಳಿಗೆ ಮೊದಲು ಹೊರಹೋಗಬೇಕಾಗಿತ್ತು. ಹನ್ನೆರಡನೆಯ ಶತಮಾನದ ಕಲ್ಹಣನು ‘ರಾಜತರಂಗಿಣಿ’ಯಲ್ಲಿ, ಅತಿಯಾದ ಹಿಮದ ಕಾರಣ ರಾಜನೇ ಚಳಿಗಾಲದ ಆರು ತಿಂಗಳು ದಾರ್ವಾಭಿಸಾರದಂಥ ಕೆಳನಾಡಿಗೆ ಹೋಗಿರುತ್ತಿದ್ದನೆಂದು ಒಂದೆಡೆ ಹೇಳುತ್ತಾನೆ. ಕಥೆಯ ಹೊದಿಕೆಯನ್ನು ತೆಗೆದು ನೋಡಿದರೆ ಇದು ಹಿಮದೊಡನೆ ಮಾಡಿಕೊಂಡ ಕಾಲದ ಒಪ್ಪಂದ. ಇಂಥದೇ ಒಪ್ಪಂದವನ್ನು ಕೇದಾರದಲ್ಲಿಯೂ ಮುಂದೆ ಕಾಣಲಿದ್ದೇವೆ.

೪. ಪದರಗಳ ದಾಖಲೆ

ಹಿಮವು ಏಕರೂಪದ ವಸ್ತುವಲ್ಲ. ಎರೆಭೂಮಿಯಲ್ಲಿ ಬಾವಿ ತೋಡುವಾಗ ಮೇಲೆ ಕಪ್ಪು ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಕಲ್ಲು ಎಂದು ಪದರಗಳು ಕಾಣುವಂತೆ, ಹಿಮದ ಹೊದಿಕೆಯಲ್ಲಿ ಗುಂಡಿ ತೋಡಿದರೆ ಒಂದೊಂದು ಹಿಮಪಾತವೂ ಒಂದೊಂದು ಪದರವಾಗಿ ತೋರುತ್ತದೆ. ಹಿಮವಿಜ್ಞಾನಿಗಳು ಮಾಡುವ ಮೊದಲ ಕೆಲಸವೇ ಹೀಗೆ ಗುಂಡಿ ತೋಡಿ, ಪದರಗಳ ಗಡಸುತನ, ಕಣಗಳ ಆಕಾರ, ಉಷ್ಣತೆ ಇವನ್ನು ಅಳೆಯುವುದು.

ಆಗತಾನೆ ಬಿದ್ದ ಒಣಹಿಮ ಬಹಳ ಹಗುರ. ಒಂದು ಘನ ಮೀಟರಿನಲ್ಲಿ ೫೦ರಿಂದ ೧೦೦ ಕಿಲೋಗ್ರಾಂ ಇರುತ್ತದೆ. ದಿನ ಕಳೆದಂತೆ ಅದು ಕುಗ್ಗಿ, ಕಣಕಣಗಳು ಬೆಸೆದುಕೊಂಡು, ಗಟ್ಟಿಯಾಗುತ್ತದೆ. ವಸಂತದ ಒದ್ದೆ ಹಿಮದ ತೂಕ ಘನ ಮೀಟರಿಗೆ ೪೦೦ರಿಂದ ೫೦೦ ಕಿಲೋಗ್ರಾಂಗಳಷ್ಟಾಗುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಒಂದು ಮೀಟರ್ ದಪ್ಪದ ಅಂಥ ತುಂಡೊಂದು ೪೦ ಟನ್ನಿಗೆ ಕಡಿಮೆಯಿಲ್ಲ.

ಎಲ್ಲ ಪದರಗಳೂ ಕಾಲಕ್ರಮದಲ್ಲಿ ಗಟ್ಟಿಯಾಗುವುದಾದರೆ ಅಪಾಯ ಕಡಿಮೆ. ಆದರೆ ನೆಲದ ಸಮೀಪದ ಹಿಮ ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿದ್ದು ಮೇಲ್ಮೈ ಬಹಳ ತಣ್ಣಗಿದ್ದಾಗ, ಅಂದರೆ ಒಂದು ಮೀಟರ್ ದಪ್ಪಕ್ಕೆ ೧೦ ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸವಿದ್ದಾಗ, ನೀರಾವಿ ಕೆಳಗಿನಿಂದ ಮೇಲಕ್ಕೆ ಸರಿಯುತ್ತದೆ. ಆಗ ಕಣಗಳು ಬೆಸುಗೆ ಕಳೆದುಕೊಂಡು ದಪ್ಪ ಸಕ್ಕರೆಯ ಹರಳಿನಂತಾಗುತ್ತವೆ. ಮುಷ್ಟಿಯಲ್ಲಿ ಹಿಡಿದರೆ ಇವು ಉಂಡೆಯಾಗದೆ ಸುರಿದುಹೋಗುತ್ತವೆ. ಇಂಥ ದುರ್ಬಲ ಪದರದ ಮೇಲೆ ಗಾಳಿ ಒತ್ತಿ ಕೂಡಿಸಿದ ಗಟ್ಟಿ ಹಿಮದ ಫಲಕ ಕುಳಿತಿದ್ದರೆ, ಅದು ಸುರುಳಿಗಳ ಮೇಲಿಟ್ಟ ಹಾಸುಗಲ್ಲಿನಂತೆ. ಒಬ್ಬ ಮನುಷ್ಯನ ತೂಕ ಬಿದ್ದರೂ ಒಳಗಿನ ಪದರ ಒಂದೆಡೆ ಮುರಿದು, ಆ ಬಿರುಕು ಕ್ಷಣಾರ್ಧದಲ್ಲಿ ಇಡೀ ಇಳಿಜಾರಿಗೆ ಹರಡಿ, ಫಲಕ ಜಾರುತ್ತದೆ. ಇದೇ ಒಣ ಫಲಕದ ಕುಸಿತ. ಇದರ ವೇಗ ಗಂಟೆಗೆ ನೂರು ಕಿಲೋಮೀಟರನ್ನು ಮೀರಬಲ್ಲದು.

ಇಳಿಜಾರಿನ ಓರೆಯೂ ಮುಖ್ಯ. ಫಲಕದ ಕುಸಿತಗಳು ಹೆಚ್ಚಾಗಿ ೩೦ರಿಂದ ೪೫ ಡಿಗ್ರಿ ಓರೆಯ ಇಳಿಜಾರುಗಳಲ್ಲಿ ಆಗುತ್ತವೆ. ಅದಕ್ಕಿಂತ ಸಾಕಷ್ಟು ಕಡಿಮೆಯಾದರೆ ಹಿಮ ನಿಲ್ಲುತ್ತದೆ. ಅತಿ ಕಡಿದಾದರೆ ಹಿಮ ಸೇರುವ ಮೊದಲೇ ಉದುರಿಹೋಗುತ್ತದೆ. ಕಾಲಿಗೆ ಹಿತವಾಗಿ ಏರಬಹುದೆಂದು ತೋರುವ ಇಳಿಜಾರೇ ಅಪಾಯದ್ದಾಗಿರುವುದು ಬಯಲಿನವರಿಗೆ ಮೋಸಮಾಡುವ ಅಂಶ. ಮೇಲಾಗಿ, ತಾನು ನಿಂತ ಜಾಗ ಚಪ್ಪಟೆಯಾಗಿದ್ದರೆ ಸಾಲದು. ಮೇಲ್ಗಡೆಯ ಇಳಿಜಾರಿನ ಹಿಮವೂ ಅಲ್ಲಿಗೆ ಬಂದು ತಲುಪಬಹುದು.

೫. ವಸಂತದ ಬಿಸಿಲು ಮಾಡುವ ಕೆಲಸ

ಚಳಿಗಾಲದ ಅಪಾಯ ಮುಖ್ಯವಾಗಿ ಹೊಸ ಭಾರದಿಂದ ಬರುವುದು. ವಸಂತದ ಅಪಾಯ ಮುಖ್ಯವಾಗಿ ನೀರಿನಿಂದ ಬರುವುದು. ಇದನ್ನು ವಿಜಯಪುರದ ಕಡೆಯ ಓದುಗರು ತಮ್ಮ ಹಳೆಯ ಮನೆಗಳ ಮಣ್ಣಿನ ಮಾಳಿಗೆಯನ್ನು ನೆನೆದು ಸುಲಭವಾಗಿ ಗ್ರಹಿಸಬಹುದು. ಒಣಗಿದ ಮಾಳಿಗೆ ವರ್ಷಗಟ್ಟಲೆ ನಿಲ್ಲುತ್ತದೆ. ಎಡೆಬಿಡದ ಜಡಿಮಳೆ ನಾಲ್ಕು ದಿನ ಹಿಡಿದರೆ ಮಣ್ಣು ನೀರುಂಡು ತೂಕವೂ ಹೆಚ್ಚುತ್ತದೆ, ಹಿಡಿತವೂ ಸಡಿಲುತ್ತದೆ; ಮಾಳಿಗೆ ಕುಸಿಯುತ್ತದೆ. ಬೆಟ್ಟದ ಹಿಮದಲ್ಲಿ ನೀರು ಸೇರಿದಾಗಲೂ ಇದೇ ಆಗುತ್ತದೆ. ಅಲ್ಲಿ ನೀರು ಹೊರಗಿನಿಂದ ಬರಬೇಕೆಂದೇನೂ ಇಲ್ಲ. ಬಿಸಿಲು ಆ ಹಿಮದಿಂದಲೇ ಅದನ್ನು ಇಳಿಸುತ್ತದೆ.

ಹೊಸ ಹಿಮವು ತನ್ನ ಮೇಲೆ ಬಿದ್ದ ಬೆಳಕಿನ ನೂರಕ್ಕೆ ೮೦ರಿಂದ ೯೦ ಭಾಗವನ್ನು ಹಿಂದಕ್ಕೆ ಕಳುಹಿಸುತ್ತದೆ. ಹಳತಾಗಿ, ಧೂಳು ಹಿಡಿದು, ಒದ್ದೆಯಾದ ಹಿಮವು ಅರ್ಧದಷ್ಟನ್ನು ಮಾತ್ರ ಹಿಂದಕ್ಕೆ ಕಳುಹಿಸುತ್ತದೆ. ಹೀಗೆ ಕರಗಲು ತೊಡಗಿದ ಹಿಮ ಮತ್ತಷ್ಟು ಬೇಗ ಕರಗುತ್ತದೆ. ಒಂದು ಕಿಲೋಗ್ರಾಂ ಹಿಮವನ್ನು ಕರಗಿಸಲು ಬೇಕಾಗುವ ಶಾಖವು ಅಷ್ಟೇ ನೀರನ್ನು ಶೂನ್ಯದಿಂದ ೮೦ ಡಿಗ್ರಿಗೆ ಕಾಯಿಸಲು ಬೇಕಾಗುವಷ್ಟು ದೊಡ್ಡದು. ಆದುದರಿಂದ ಹೊದಿಕೆ ಒಂದೇ ದಿನದಲ್ಲಿ ಮಾಯವಾಗುವುದಿಲ್ಲ. ಮೊದಲು ಅದರ ಒಳಭಾಗವೆಲ್ಲ ಮೇಲಿನಿಂದ ಕೆಳಗಿನವರೆಗೆ ಶೂನ್ಯ ಡಿಗ್ರಿಗೆ ಬರುತ್ತದೆ. ಆಮೇಲೆ ಕರಗಿದ ನೀರು ಕೆಳಗಿಳಿದು ಗಟ್ಟಿ ಪದರದ ಮೇಲೋ, ನೆಲದ ಬಂಡೆಯ ಮೇಲೋ ಹರಡಿ ನಿಲ್ಲುತ್ತದೆ. ಚಳಿಗಾಲದಲ್ಲಿ ಮುರಿಯದೆ ಉಳಿದಿದ್ದ ದುರ್ಬಲ ಪದರಕ್ಕೆ ನೀರು ಮೊದಲ ಸಲ ತಲುಪಿದ ದಿನಗಳೇ ಅತ್ಯಂತ ಭಯದವು. ಮಾಘದಲ್ಲಿ ಆದ ತಪ್ಪು ಬೆಸುಗೆಯ ಫಲ ಚೈತ್ರದಲ್ಲಿ ಕಾಣುವುದು ಹೀಗೆ.

ಒದ್ದೆ ಹಿಮದ ಕುಸಿತವು ಒಣ ಫಲಕದಷ್ಟು ವೇಗದ್ದಲ್ಲ. ಆದರೆ ಅದು ಬಹಳ ಭಾರ. ಕಲ್ಲು, ಮಣ್ಣು, ಮರಗಳನ್ನು ಎತ್ತಿಕೊಂಡು ಹಳ್ಳದ ಜಾಡಿನಲ್ಲಿ ಬರುತ್ತದೆ, ನಿಂತೊಡನೆ ಗಾರೆಯಂತೆ ಗಟ್ಟಿಯಾಗುತ್ತದೆ.

ವಸಂತದ ಅಪಾಯಕ್ಕೆ ಒಂದು ದಿನಚರಿ ಇದೆ. ಮೋಡವಿಲ್ಲದ ರಾತ್ರಿ ಹಿಮವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು, ಮೇಲ್ಮೈಯಲ್ಲಿ ಗಟ್ಟಿಯಾದ ಹೊಪ್ಪಳೆ ಕಟ್ಟುತ್ತದೆ. ಬೆಳಗಿನ ಜಾವ ಅದರ ಮೇಲೆ ನಡೆಯುವುದು ಸುಲಭ, ಸುರಕ್ಷಿತವೂ ಹೌದು. ಬಿಸಿಲೇರಿದಂತೆ ಮೊದಲು ಪೂರ್ವಕ್ಕೆ ಮುಖಮಾಡಿದ ಇಳಿಜಾರು, ನಂತರ ದಕ್ಷಿಣದ್ದು, ಮಧ್ಯಾಹ್ನದ ಮೇಲೆ ಪಶ್ಚಿಮದ್ದು ಸಡಿಲಾಗುತ್ತವೆ. ಉತ್ತರದ ಇಳಿಜಾರಿನಲ್ಲಿ ಚಳಿಗಾಲದ ಸ್ಥಿತಿ ಬಹಳ ದಿನ ಉಳಿದಿರುತ್ತದೆ. ರಾತ್ರಿ ಮೋಡ ಕವಿದಿದ್ದರೆ ಶಾಖ ಹೊರಹೋಗದೆ ಹೊಪ್ಪಳೆ ಕಟ್ಟುವುದಿಲ್ಲ. ಅಂಥ ದಿನ ಬೆಳಗಿನಿಂದಲೇ ಅಪಾಯ. ಹಿಮದ ಮೇಲೆ ಮಳೆ ಬಿದ್ದರೆ ಹೊತ್ತಿನ ನಿಯಮವೇ ಇಲ್ಲವಾಗುತ್ತದೆ. ಗಾಳಿಯು ಶಿಖರದ ಅಂಚಿನಲ್ಲಿ ಹೊರಚಾಚಿ ಕಟ್ಟಿದ ಹಿಮದ ಸೂರುಗಳೂ ಇದೇ ಕಾಲದಲ್ಲಿ ಮುರಿದು ಬಿದ್ದು, ಕೆಳಗಿನ ಇಳಿಜಾರನ್ನು ಎಬ್ಬಿಸುತ್ತವೆ.

೬. ಹಿಮಾಲಯದ ವಿಶೇಷ

ಪಶ್ಚಿಮ ಹಿಮಾಲಯದ ಹಿಮವನ್ನು ತರುವುದು ನಮ್ಮ ಮುಂಗಾರಲ್ಲ. ಮೆಡಿಟರೇನಿಯನ್ ಕಡೆಯಿಂದ ಬರುವ ‘ಪಶ್ಚಿಮದ ಕ್ಷೋಭೆ’ಗಳೆಂಬ ಮೋಡದ ಸಾಲುಗಳು ಡಿಸೆಂಬರಿನಿಂದ ಮಾರ್ಚ್ ಏಪ್ರಿಲ್‌ವರೆಗೆ ಅದನ್ನು ತರುತ್ತವೆ. ಆದ್ದರಿಂದ ವಸಂತದಲ್ಲಿ ಹಳೆಯ ಹಿಮ ಕರಗುತ್ತಿರುವಾಗಲೇ ಅದರ ಮೇಲೆ ಹೊಸದಾದ, ತೇವಭರಿತ ಹಿಮ ಬೀಳುವುದುಂಟು. ಎರಡು ಅಪಾಯಗಳು ಒಂದೇ ವಾರದಲ್ಲಿ ಕೂಡುತ್ತವೆ.

ತಜ್ಞರು ಈ ಪರ್ವತಪ್ರದೇಶವನ್ನು ಮೂರು ವಲಯಗಳಾಗಿ ವಿಂಗಡಿಸುತ್ತಾರೆ. ಪೀರ್ ಪಂಜಾಲ್ ಮೊದಲಾದ ಕೆಳಗಿನ ಶ್ರೇಣಿಗಳಲ್ಲಿ ಹಿಮ ಹೆಚ್ಚು, ಚಳಿ ಮಿತ. ಒದ್ದೆ ಕುಸಿತಗಳು ಬೇಗ ಆರಂಭವಾಗುತ್ತವೆ. ಕಾರಾಕೋರಂ ಸೇರಿದ ಮೇಲಿನ ವಲಯದಲ್ಲಿ ಚಳಿ ಅತಿ. ಸಕ್ಕರೆಯ ಹರಳಿನಂಥ ದುರ್ಬಲ ಪದರ ಅಲ್ಲಿ ದೀರ್ಘಕಾಲ ಉಳಿಯುತ್ತದೆ. ಮಹಾಹಿಮಾಲಯವು ಇವೆರಡರ ನಡುವಣ ಸ್ಥಿತಿಯದು.

ದಾಖಲೆಗಳು ಈ ಕಾಲದ ಭೀಕರತೆಯನ್ನು ತೋರುತ್ತವೆ. ೧೯೭೯ರ ಮಾರ್ಚಿನಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸರಣಿಯಾಗಿ ಆದ ಕುಸಿತಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಡಿದರು. ೨೦೧೨ರ ಏಪ್ರಿಲ್ ೭ರಂದು ಸಿಯಾಚಿನ್ ಸಮೀಪದ ಗಯಾರಿಯಲ್ಲಿ ಪಾಕಿಸ್ತಾನದ ಸೇನಾ ನೆಲೆಯೊಂದು ಹೂತುಹೋಗಿ ೧೪೦ ಜನ ಸತ್ತರು. ೨೦೨೫ರ ಫೆಬ್ರವರಿ ೨೮ರಂದು ಬದರೀನಾಥದಾಚೆ ಮಾಣಾ ಗ್ರಾಮದ ಬಳಿ ಗಡಿ ರಸ್ತೆಯ ಕೆಲಸಗಾರರ ಬಿಡಾರದ ಮೇಲೆ ಹಿಮ ಕುಸಿದು ೫೪ ಮಂದಿ ಸಿಕ್ಕಿ, ಎಂಟು ಮಂದಿ ಮಡಿದರು.

ಈ ವಿಷಯದ ಕ್ರಮಬದ್ಧ ಅಧ್ಯಯನ ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ ೧೯೩೦ರ ದಶಕದಲ್ಲಿ ಬೇರೂರಿತು. ೧೯೪೨ರಲ್ಲಿ ಅಲ್ಲಿ ಸಂಶೋಧನಾ ಸಂಸ್ಥೆ ಸ್ಥಾಪಿತವಾಯಿತು. ಭಾರತದಲ್ಲಿ ೧೯೬೯ರಲ್ಲಿ ಮನಾಲಿಯಲ್ಲಿ ಹಿಮ ಹಾಗೂ ಹಿಮಕುಸಿತ ಅಧ್ಯಯನ ಸಂಸ್ಥೆ ಹುಟ್ಟಿತು. ೨೦೨೦ರಲ್ಲಿ ಅದು ಚಂಡೀಗಢದ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆಯಲ್ಲಿ ಲೀನವಾಗಿದೆ. ಚಳಿಗಾಲ ವಸಂತಗಳಲ್ಲಿ ಜಿಲ್ಲಾವಾರು ಅಪಾಯದ ಸೂಚನೆಗಳನ್ನು ಈ ಸಂಸ್ಥೆ ಹೊರಡಿಸುತ್ತದೆ.

ಹವೆಯ ಬಿಸಿಯೇರಿಕೆಯ ಪ್ರಶ್ನೆಯೂ ಇಲ್ಲಿ ಬರುತ್ತದೆ. ಕುಸಿತದ ಪೆಟ್ಟು ತಿಂದು ಬದುಕಿದ ಮರಗಳು ಆ ಗಾಯವನ್ನು ತಮ್ಮ ವಾರ್ಷಿಕ ಉಂಗುರಗಳಲ್ಲಿ ಉಳಿಸಿಕೊಳ್ಳುತ್ತವೆ. ಹಿಮಾಚಲ ಪ್ರದೇಶದಲ್ಲಿ ಇಂಥ ಮರಗಳ ಉಂಗುರಗಳಿಂದ ಸುಮಾರು ಒಂದೂವರೆ ಶತಮಾನದ ಚರಿತ್ರೆಯನ್ನು ರಚಿಸಿ, ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದು, ಚಳಿಗಾಲದ ಕೊನೆ ಮತ್ತು ವಸಂತದ ಆರಂಭದ ಬಿಸಿಯೇರಿಕೆಯಿಂದ ಅಲ್ಲಿ ಕುಸಿತಗಳು ಹೆಚ್ಚಿವೆಯೆಂದು ತೋರಿಸಿದೆ. ಶಾಸನವಿಲ್ಲದ ಕಡೆ ಮರವೇ ಶಾಸನವಾದ ಈ ವಿಧಾನ ಇತಿಹಾಸಕಾರರಿಗೂ ಆಸಕ್ತಿಯದು.

೭. ಕೇದಾರದ ದಾರಿ

ಕನ್ನಡಿಗರು ಅತಿ ಹೆಚ್ಚು ಸಂಖ್ಯೆಯಲ್ಲಿ ವಸಂತದ ಹಿಮವನ್ನು ಮುಟ್ಟುವ ಸ್ಥಳ ಕೇದಾರನಾಥ. ೩,೫೮೩ ಮೀಟರ್ ಎತ್ತರದ ಈ ದೇವಾಲಯವು ದೀಪಾವಳಿಯ ಮರುದಿನಗಳ ಯಮದ್ವಿತೀಯೆಯಂದು, ಎಂದರೆ ನಮ್ಮ ಭಾವನ ಬಿದಿಗೆಯಂದು, ಮುಚ್ಚುತ್ತದೆ. ಉತ್ಸವಮೂರ್ತಿ ಊಖೀಮಠದ ಓಂಕಾರೇಶ್ವರ ದೇವಾಲಯಕ್ಕೆ ಇಳಿದುಬರುತ್ತದೆ. ಮತ್ತೆ ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಅಲ್ಲಿಯೇ ಸಾರುತ್ತಾರೆ. ಅದು ಸಾಮಾನ್ಯವಾಗಿ ಏಪ್ರಿಲ್ ಕೊನೆ ಅಥವಾ ಮೇ ಮೊದಲ ಭಾಗದಲ್ಲಿ ಬರುತ್ತದೆ. ನೀಲಮತದ ಐತಿಹ್ಯದಲ್ಲಿ ಕಂಡ ಆರು ತಿಂಗಳ ಒಪ್ಪಂದವನ್ನು ಇಲ್ಲಿ ಪಂಚಾಂಗವೇ ನಡೆಸಿಕೊಂಡು ಬಂದಿದೆ.

ಆದರೆ ಬಾಗಿಲು ತೆರೆದ ದಿನಕ್ಕೆ ಹಿಮದ ಕಾಲ ಮುಗಿಯಿತೆಂದು ತಿಳಿಯಲಾಗದು. ಗೌರೀಕುಂಡದಿಂದ ಏರುವ ದಾರಿಗೆ ಅಡ್ಡಲಾಗಿ ಬೆಟ್ಟದಿಂದ ಇಳಿಯುವ ಹಳ್ಳಗಳುಂಟು. ಚಳಿಗಾಲದ ಕುಸಿತಗಳು ಈ ಹಳ್ಳಗಳನ್ನು ತುಂಬಿ ಗಟ್ಟಿಯಾಗಿರುತ್ತವೆ. ಜನರು ಇವನ್ನು ಹಿಮನದಿಗಳೆಂದು ಕರೆದರೂ ಇವು ಕುಸಿತದ ಶೇಷಗಳೇ. ಯಾತ್ರೆಯ ಆರಂಭದಲ್ಲಿ ಇವನ್ನು ಕಡಿದು ದಾರಿ ಮಾಡುತ್ತಾರೆ. ಇಕ್ಕೆಲದಲ್ಲಿ ಆಳೆತ್ತರದ ಹಿಮದ ಗೋಡೆಗಳ ನಡುವೆ ಯಾತ್ರಿಕರು ನಡೆಯುತ್ತಾರೆ. ಬೇಸಿಗೆ ಬಲಿತಂತೆ ಕೆಳಗೆ ಹರಿಯುವ ನೀರು ಈ ಶೇಷವನ್ನು ಟೊಳ್ಳುಮಾಡುತ್ತದೆ, ಮೇಲಿನಿಂದ ಹೊಸ ಕುಸಿತವೂ ಬರಬಹುದು. ೨೦೨೩ರ ಮೇ ಮೊದಲ ವಾರದಲ್ಲಿ, ಯಾತ್ರೆ ಆರಂಭವಾದ ಮೇಲೆಯೇ, ಭೈರವ ಮತ್ತು ಕುಬೇರ ಎಂಬ ಹೆಸರಿನ ಇಂಥ ಜಾಗಗಳಲ್ಲಿ ಹಿಮ ಕುಸಿದು ದಾರಿ ಮುಚ್ಚಿತ್ತು.

೨೦೧೩ರ ಜೂನ್ ೧೬ ಮತ್ತು ೧೭ರ ಮಹಾದುರಂತ ಹಿಮಕುಸಿತವಲ್ಲ, ಪ್ರವಾಹ. ಆದರೆ ಅಂದು ಸುರಿದ ಅಕಾಲಿಕ ಮಳೆಯೊಡನೆ ಇನ್ನೂ ಉಳಿದಿದ್ದ ಹಿಮದ ಕರಗುನೀರು ಕೂಡಿ ಚೋರಾಬಾರಿ ಸರೋವರದ ದಂಡೆ ಒಡೆಯಿತೆಂಬುದು ತಜ್ಞರ ನಿರ್ಣಯ. ವಸಂತದ ಹಿಮದ ಮೇಲೆ ಬೀಳುವ ಮಳೆ ಎಷ್ಟು ದೂರದವರೆಗೆ ಕೈಚಾಚಬಲ್ಲದು ಎಂಬುದಕ್ಕೆ ಅದು ನಿದರ್ಶನ.

೮. ಎಚ್ಚರದ ಸೂತ್ರಗಳು

ಮೇಲಿನ ವಿವರಣೆಯಿಂದ ನಡೆಯುವವನಿಗೆ ಉಪಯುಕ್ತವಾದ ಕೆಲವು ಸೂತ್ರಗಳು ತಾವಾಗಿಯೇ ಹೊರಡುತ್ತವೆ.

ಒಂದು: ಹೊತ್ತನ್ನು ಪಾಲಿಸಬೇಕು. ವಸಂತದಲ್ಲಿ ಹಿಮದ ಇಳಿಜಾರುಗಳನ್ನು ಬೆಳಗಿನ ಜಾವವೇ ದಾಟಿ, ಬಿಸಿಲೇರುವ ಮೊದಲು ಸುರಕ್ಷಿತ ಸ್ಥಳ ಸೇರಬೇಕು. ರಾತ್ರಿ ಹೊಪ್ಪಳೆ ಕಟ್ಟದಿದ್ದರೆ, ಹೆಜ್ಜೆ ಕಣಕಾಲಿನ ಮೇಲಕ್ಕೆ ಹೂಳತೊಡಗಿದರೆ, ಇಳಿಜಾರಿನಲ್ಲಿ ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದರೆ, ಅಂದಿನ ಪಯಣ ನಿಲ್ಲಿಸಬೇಕು.

ಎರಡು: ಹೊಸ ಹಿಮ ಅಥವಾ ಮಳೆ ಬಿದ್ದ ನಂತರ ಒಂದೆರಡು ದಿನ ಕಾಯಬೇಕು. ತಿಳಿಯಾದ ಆಕಾಶವನ್ನು ಕಂಡು ಅಪಾಯ ಕಳೆಯಿತೆಂದು ಹೊರಡಬಾರದು.

ಮೂರು: ಹಳ್ಳದ ಜಾಡಿನಲ್ಲಿ ವಿಶ್ರಾಂತಿಗೆ ಕೂಡಬಾರದು, ಬಿಡಾರ ಹೂಡಬಾರದು. ಶಂಕಿತ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಬೇಕು. ಉಳಿದವರು ದಾಟುವವನ ಮೇಲೆ ಕಣ್ಣಿಟ್ಟಿರಬೇಕು. ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ವಿಹಾರಕ್ಕೆ ಹೋದವರು ಮಡಿದ ಪ್ರಸಂಗಗಳನ್ನು ಪರಿಶೀಲಿಸಿದಾಗ, ಹತ್ತರಲ್ಲಿ ಒಂಬತ್ತರಷ್ಟು ಕುಸಿತಗಳನ್ನು ಎಬ್ಬಿಸಿದವರು ಅದರಲ್ಲಿ ಸಿಕ್ಕವರೋ ಅವರ ಜೊತೆಯವರೋ ಆಗಿದ್ದರು.

ನಾಲ್ಕು: ಹೂತವನನ್ನು ಉಳಿಸುವವರು ಅವನ ಪಕ್ಕದಲ್ಲಿದ್ದವರೇ. ಮೊದಲ ಹತ್ತು ನಿಮಿಷಗಳಲ್ಲಿ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಮೂರು ಮಂದಿಯ ಆಸೆ. ಹನುಮಂತಪ್ಪನವರು ಆರು ದಿನ ಉಸಿರು ಹಿಡಿದಿದ್ದುದು ಜಗತ್ತಿಗೇ ಅಪರೂಪವಾದ ಸಂಗತಿ. ಅದನ್ನು ನಿಯಮವೆಂದು ನಂಬಿ ನೆರವಿಗೆ ಕಾಯುವಂತಿಲ್ಲ. ಆದ್ದರಿಂದ ಹಿಮದ ಇಳಿಜಾರಿಗೆ ಹೋಗುವ ಪ್ರತಿಯೊಬ್ಬನ ಬಳಿಯೂ ಸಂಕೇತ ಕಳುಹಿಸುವ ಸಣ್ಣ ರೇಡಿಯೋ ಯಂತ್ರ, ಹಿಮದಲ್ಲಿ ಚುಚ್ಚಿ ಹುಡುಕುವ ಉದ್ದನೆಯ ಮಡಚುಗೋಲು, ಸಲಿಕೆ ಈ ಮೂರೂ ಇರಬೇಕು. ಬಳಸಲು ಮೊದಲೇ ಕಲಿತಿರಬೇಕು.

ಐದು: ಅಧಿಕೃತ ಸೂಚನೆಯನ್ನು ಓದಬೇಕು, ಸ್ಥಳೀಯರ ಮಾತನ್ನು ಕೇಳಬೇಕು. ಯಾವ ಹಳ್ಳದಲ್ಲಿ ಯಾವ ತಿಂಗಳು ಹಿಮ ಇಳಿಯುತ್ತದೆಂಬ ಲೆಕ್ಕ ಅವರ ಬಳಿ ತಲೆಮಾರುಗಳಿಂದ ಉಳಿದಿದೆ.

ನಮ್ಮ ಭಾಗದಿಂದ ಹೊರಡುವ ಯಾತ್ರಿಕನು ಪಂಚಾಂಗ ನೋಡಿ ದಿನ ಗೊತ್ತುಮಾಡುತ್ತಾನೆ, ಚಾರಣಿಗನು ರಜೆ ನೋಡಿ ಗೊತ್ತುಮಾಡುತ್ತಾನೆ, ಸೈನಿಕನು ಆಜ್ಞೆಯಂತೆ ನಡೆಯುತ್ತಾನೆ. ಹಿಮವು ಈ ಮೂರನ್ನೂ ಅರಿಯದು; ಅದು ತನ್ನ ಪದರಗಳ ಲೆಕ್ಕದಂತೆ ನಡೆಯುತ್ತದೆ. ಆ ಲೆಕ್ಕವನ್ನು ಸರಳವಾದ ಕನ್ನಡದಲ್ಲಿ ತಿಳಿಸುವ ಕೈಪಿಡಿಗಳು ಯಾತ್ರೆಗೆ ಮುನ್ನ ಜನರ ಕೈಸೇರಬೇಕು. ಪತ್ರಿಕೆಗಳು ‘ಹಿಮಪಾತ’, ‘ಹಿಮಕುಸಿತ’, ‘ಹಿಮಬಿರುಗಾಳಿ’ಗಳನ್ನು ಬೇರೆ ಬೇರೆಯಾಗಿಯೇ ಬರೆಯಬೇಕು. ಮುಂದಿನ ವೈಶಾಖದಲ್ಲಿ ಮಗನ ಅಥವಾ ತಾಯಿಯ ಪಯಣದ ಸುದ್ದಿಯನ್ನು ಬಬಲೇಶ್ವರದ ಮನೆಯೊಂದರಲ್ಲಿ ಕುಳಿತು ಓದುವವರಿಗೆ, ಅಲ್ಲಿ ನಡೆದದ್ದು ಏನೆಂಬುದು ಮೊದಲ ಸಾಲಿನಲ್ಲಿಯೇ ತಿಳಿಯುವಂತಿರಬೇಕು.